ಗಣಿಯೂರಿನ ಮನೆಯೊಳಗಿನ ಗಾಳಿ

ಜಗತ್ತಿನ ಮಾರುಕಟ್ಟೆಗಳನ್ನೆಲ್ಲ ಆಳುತ್ತಿರುವ ‘ಡಾಲರ್’ ಎಂಬ ಪದದ ಬೇರನ್ನು ಹಿಡಿದು ಹೊರಟರೆ ಮಧ್ಯ ಯುರೋಪಿನ ಒಂದು ಇಕ್ಕಟ್ಟಾದ ಕಣಿವೆಯನ್ನು ತಲುಪಬೇಕಾಗುತ್ತದೆ. ಇಂದಿನ ಝೆಕ್ ಗಣರಾಜ್ಯದ ವಾಯವ್ಯ ಅಂಚಿನಲ್ಲಿ, ಜರ್ಮನಿಯ ಗಡಿಗೆ ತೀರ ಸಮೀಪದಲ್ಲಿ, ‘ಅದಿರಿನ ಬೆಟ್ಟಗಳು’ ಎಂಬರ್ಥದ ಹೆಸರುಳ್ಳ ಪರ್ವತಶ್ರೇಣಿಯಿದೆ. ಅದರ ಮಡಿಲಲ್ಲಿರುವ ಊರು ಯಾಖಿಮೋವ್. ಬೆಳ್ಳಿ ಸಿಕ್ಕಿತೆಂಬ ಕಾರಣಕ್ಕೆ 1516ರಲ್ಲಿ ಹುಟ್ಟಿದ ಈ ಊರಿನ ಜರ್ಮನ್ ಹೆಸರು ಯೋವಾಖಿಮ್ಸ್‌ತಾಲ್, ಅಂದರೆ ಸಂತ ಯೋವಾಖಿಮನ ಕಣಿವೆ. ಇಲ್ಲಿ ಟಂಕಿಸಿದ ದೊಡ್ಡ ಬೆಳ್ಳಿನಾಣ್ಯ ‘ಯೋವಾಖಿಮ್ಸ್‌ತಾಲರ್’ ಎನಿಸಿಕೊಂಡಿತು. ಜನರ ಬಾಯಲ್ಲಿ ಸವೆದು ‘ತಾಲರ್’ ಆಯಿತು, ಕಡಲು ದಾಟಿ ‘ಡಾಲರ್’ ಆಯಿತು. ಬಿಡಿಸಿ ನೋಡಿದರೆ ಆ ಪದಕ್ಕೆ ‘ಕಣಿವೆಯದು’ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವೇನೂ ಇಲ್ಲ.

ಇಂದು ಮೂರು ಸಾವಿರಕ್ಕೂ ಕಡಿಮೆ ಜನರಿರುವ ಈ ಪುಟ್ಟ ಊರು ಭಾಷೆಗೆ ಒಂದು ಪದವನ್ನು ಕೊಟ್ಟಂತೆ ವಿಜ್ಞಾನಕ್ಕೂ ಒಂದು ದೊಡ್ಡ ಪಾಠವನ್ನು ಕೊಟ್ಟಿದೆ. ಗಣಿಯ ಅಪಾಯ ಗಣಿಯ ಬಾಯಿಗೆ ಬಂದು ನಿಲ್ಲುವುದಿಲ್ಲ, ಅದು ಕಾರ್ಮಿಕನ ಮನೆಯ ನೆಲದಿಂದ, ಗೋಡೆಯಿಂದ, ಮಲಗುವ ಕೋಣೆಯ ಗಾಳಿಯಿಂದಲೂ ಬರಬಲ್ಲದು ಎಂಬುದೇ ಆ ಪಾಠ. ಆ ಅಪಾಯದ ಹೆಸರು ರೇಡಾನ್.

ಕಥೆ ಮೊದಲು ಗಣಿಯಲ್ಲಿಯೇ ಆರಂಭವಾಗುತ್ತದೆ. ಗಣಿಗಾರಿಕೆಯ ಶಾಸ್ತ್ರಗ್ರಂಥವೆಂದು ಹೆಸರಾದ ‘ದೆ ರೆ ಮೆತಾಲಿಕಾ’ವನ್ನು ಬರೆದ ಜಾರ್ಜಿಯಸ್ ಅಗ್ರಿಕೋಲಾ 1527ರಿಂದ ಕೆಲವು ವರ್ಷ ಈ ಊರಿನ ವೈದ್ಯನಾಗಿದ್ದ. ಅವನು ತೀರಿಕೊಂಡ ಮರುವರ್ಷ, 1556ರಲ್ಲಿ, ಪ್ರಕಟವಾದ ಆ ಗ್ರಂಥದಲ್ಲಿ ಗಣಿಗಾರರ ಎದೆಯ ಕ್ಷಯದ ಪ್ರಸ್ತಾಪವಿದೆ. ಕಾರ್ಪೇಥಿಯನ್ ಬೆಟ್ಟಗಳ ಗಣಿಯೂರುಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಏಳು ಗಂಡಂದಿರನ್ನು ಮದುವೆಯಾಗಿ, ಏಳೂ ಜನರನ್ನು ಈ ರೋಗಕ್ಕೆ ಕಳೆದುಕೊಂಡ ಹೆಂಗಸರಿದ್ದರೆಂದು ಅವನು ದಾಖಲಿಸುತ್ತಾನೆ. ಗಡಿಯ ಆಚೆಗಿನ ಜರ್ಮನ್ ಊರು ಶ್ನೇಬೆರ್ಗ್‌ನಲ್ಲಿಯೂ ಗಣಿಗಾರರು ನಡುವಯಸ್ಸಿನಲ್ಲಿಯೇ ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಜನ ಅದನ್ನು ‘ಬೆಟ್ಟದ ರೋಗ’ ಎಂದು ಕರೆದು ಸುಮ್ಮನಾಗಿದ್ದರು. ಅದು ಶ್ವಾಸಕೋಶದ ದುರ್ಮಾಂಸವೆಂದು ಹೆರ್ಟಿಂಗ್ ಮತ್ತು ಹೆಸ್ಸೆ ಎಂಬ ಇಬ್ಬರು ವೈದ್ಯರು ಶವಪರೀಕ್ಷೆಗಳಿಂದ ತೋರಿಸಿದ್ದು 1879ರಲ್ಲಿ. ಅಂದರೆ ರೋಗಕ್ಕೆ ಹೆಸರಿದ್ದು ಕಾರಣ ತಿಳಿಯದೆ ಮೂರು ಶತಮಾನಗಳೇ ಕಳೆದಿದ್ದವು.

ಕಾರಣ ಅದೇ ನೆಲದಲ್ಲಿ ಕಪ್ಪುಕಲ್ಲಾಗಿ ಬಿದ್ದಿತ್ತು. ಬೆಳ್ಳಿಯ ಎಳೆ ಮುಗಿಯುವಲ್ಲಿ ಸಿಗುತ್ತಿದ್ದ, ಡಾಂಬರಿನಂತೆ ಹೊಳೆಯುವ, ಭಾರವಾದ ಆ ಅದಿರಿಗೆ ಗಣಿಗಾರರು ಇಟ್ಟ ಹೆಸರು ‘ಪಿಚ್‌ಬ್ಲೆಂಡ್’. ಮೂಲದ ‘ಪೆಖ್’ ಎಂಬ ಜರ್ಮನ್ ಪದಕ್ಕೆ ಡಾಂಬರು ಎಂಬ ಅರ್ಥವೂ ಉಂಟು, ದುರದೃಷ್ಟ ಎಂಬ ಅರ್ಥವೂ ಉಂಟು. ಬೆಳ್ಳಿಯನ್ನು ಹುಡುಕುವವನಿಗೆ ಎರಡೂ ಒಪ್ಪುತ್ತಿದ್ದವು. (ಈ ಗಣಿಗಾರರು ಹೆಸರಿಡುವುದರಲ್ಲಿ ನಿಸ್ಸೀಮರು. ಬೇಕಾದ ಲೋಹವನ್ನು ಕದ್ದು ಬೇಡದ್ದನ್ನು ಇಟ್ಟುಹೋಗುವ ಗಣಿಯ ಕುಳ್ಳದೆವ್ವಗಳ ಹೆಸರೇ ಕೋಬಾಲ್ಟ್ ಮತ್ತು ನಿಕಲ್ ಎಂಬ ಮೂಲವಸ್ತುಗಳಿಗೆ ಉಳಿದುಬಂದಿದೆ.) 1789ರಲ್ಲಿ ಕ್ಲಾಪ್ರೋಟ್ ಎಂಬ ರಸಾಯನಶಾಸ್ತ್ರಜ್ಞ ಪಿಚ್‌ಬ್ಲೆಂಡಿನಲ್ಲಿ ಯುರೇನಿಯಂ ಇದೆಯೆಂದು ಕಂಡುಕೊಂಡ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾಖಿಮೋವ್‌ನಲ್ಲಿ ಅದರಿಂದ ಗಾಜಿಗೆ, ಪಿಂಗಾಣಿಗೆ ಹಳದಿ ಬಣ್ಣ ತಯಾರಿಸುವ ಕಾರ್ಖಾನೆ ನಡೆಯಿತು. ಬಣ್ಣ ತೆಗೆದ ಮೇಲೆ ಉಳಿದ ಕಂದುಹುಡಿ ಯಾರಿಗೂ ಬೇಡದ ಕಸ. ಆ ಕಸವನ್ನೇ ಮಣಗಟ್ಟಲೆ ತರಿಸಿಕೊಂಡು ಮಾರಿ ಕ್ಯೂರಿ ಪ್ಯಾರಿಸಿನಲ್ಲಿ ಕುದಿಸಿ, ಸೋಸಿ, 1898ರಲ್ಲಿ ತಾನೂ ಪಿಯೇರ್ ಕ್ಯೂರಿಯೂ ಸಾರಿದ್ದ ರೇಡಿಯಂ ಎಂಬ ಹೊಸ ಮೂಲವಸ್ತುವನ್ನು ಪ್ರತ್ಯೇಕಿಸಿ ತೋರಿಸಿದಳು. ಎರಡು ವರ್ಷಗಳ ತರುವಾಯ, 1900ರಲ್ಲಿ, ರೇಡಿಯಂನಿಂದ ಒಂದು ಅನಿಲ ಸದಾ ಹೊಮ್ಮುತ್ತಿರುತ್ತದೆಂದು ಡೋರ್ನ್ ಎಂಬ ಜರ್ಮನ್ ವಿಜ್ಞಾನಿ ಗುರುತಿಸಿದ. ಅದೇ ಮುಂದೆ ರೇಡಾನ್ ಎನಿಸಿತು.

ಇಲ್ಲಿ ಪರಿಭಾಷೆಯ ಒಂದೆರಡು ಮಾತು ಅಗತ್ಯ. ಕನ್ನಡದ ಪಠ್ಯಗಳು ‘ವಿಕಿರಣಶೀಲತೆ’ ಎನ್ನುವುದನ್ನು ಮರಾಠಿಯ ಪಠ್ಯಗಳು ‘ಕಿರಣೋತ್ಸರ್ಗ’ ಎನ್ನುತ್ತವೆ. ಸೊಲ್ಲಾಪುರ, ಜತ್ತದ ಶಾಲೆಗಳಲ್ಲಿ ಎರಡನ್ನೂ ಕಲಿತವರಿಗೆ ಎರಡನೆಯದು ಒಂದು ಕೂದಲೆಳೆಯಷ್ಟು ಹೆಚ್ಚು ಸ್ಪಷ್ಟವೆನಿಸಿದರೆ ತಪ್ಪಿಲ್ಲ, ಏಕೆಂದರೆ ‘ಉತ್ಸರ್ಗ’ದಲ್ಲಿ ಹೊರಹಾಕುವ ಕ್ರಿಯೆ ಅಡಗಿದೆ. ಅಸ್ಥಿರವಾದ ಪರಮಾಣು ತನ್ನೊಳಗಿನ ಒಂದು ತುಣುಕನ್ನು ಹೊರಹಾಕಿ ಬೇರೊಂದು ಮೂಲವಸ್ತುವಾಗುತ್ತದೆ. ಒಂದು ರಾಶಿಯ ಅರ್ಧದಷ್ಟು ಪರಮಾಣುಗಳು ಹೀಗೆ ಮಾರ್ಪಡಲು ಹಿಡಿಯುವ ಕಾಲವೇ ಅರ್ಧಾಯು. ರೇಡಿಯಂನ ಅರ್ಧಾಯು ಸುಮಾರು 1,600 ವರ್ಷ. ರೇಡಾನಿನದು ಕೇವಲ 3.8 ದಿನ. ಈ ಎರಡು ಅಂಕಿಗಳ ನಡುವೆ ಇಡೀ ಸಮಸ್ಯೆ ಅಡಗಿದೆ. ತಾಯಿ ಸಾವಿರಾರು ವರ್ಷ ಕಲ್ಲಿನೊಳಗೆ ಕುಳಿತು ಮಗುವನ್ನು ಹಡೆಯುತ್ತಲೇ ಇರುತ್ತಾಳೆ. ಮಗು ಅನಿಲವಾದ್ದರಿಂದ ಕಲ್ಲನ್ನು ಬಿಟ್ಟು ಹೊರಡಬಲ್ಲದು, ಮನೆಯೊಳಗೆ ಸೇರುವಷ್ಟು ಕಾಲ ಬದುಕಬಲ್ಲದು.

ರೇಡಾನ್ ಜಡಾನಿಲ. ಯಾವುದರೊಂದಿಗೂ ಬೆರೆತು ಸಂಯುಕ್ತವಾಗುವ ಸ್ವಭಾವ ಅದಕ್ಕಿಲ್ಲ. ಉಸಿರಿನೊಡನೆ ಒಳಹೋದದ್ದರಲ್ಲಿ ಬಹುಪಾಲು ಉಸಿರಿನೊಡನೆಯೇ ಹೊರಬರುತ್ತದೆ. ಕೇಡು ಮಾಡುವುದು ಅದರ ಸಂತತಿ. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್‌ಗಳ ಅಲ್ಪಾಯು ರೂಪಗಳು ಘನವಸ್ತುಗಳು. ಅವು ಗಾಳಿಯಲ್ಲಿಯ ಧೂಳಿಗೆ, ಹೊಗೆಗೆ ಅಂಟಿಕೊಂಡು ಶ್ವಾಸನಾಳದ ಒಳಪೊರೆಯ ಮೇಲೆ ಕೂರುತ್ತವೆ, ಅಲ್ಲಿಯೇ ನಿಮಿಷಗಳ ಲೆಕ್ಕದಲ್ಲಿ ಒಡೆಯುತ್ತವೆ. ಆಗ ಸಿಡಿಯುವ ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟಲಾರದಷ್ಟು ಅಲ್ಪದೂರದ್ದು. ಚರ್ಮದ ಹೊರಗೆ ಬಿದ್ದರೆ ನಿರಪಾಯಕಾರಿ. ಶ್ವಾಸನಾಳದ ಒಳಪೊರೆಗಾದರೋ ಕಾಗದದಷ್ಟು ದಪ್ಪದ ಕವಚವೂ ಇಲ್ಲ.

ಯುರೇನಿಯಂ ಇಲ್ಲದ ನೆಲ ಭೂಮಿಯ ಮೇಲಿಲ್ಲ. ಆದರೆ ಎಲ್ಲ ನೆಲವೂ ಒಂದೇ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಎರೆಭೂಮಿಯ ಕೆಳಗಿರುವ ಬಸಾಲ್ಟ್ ಶಿಲೆಯಲ್ಲಿ ಯುರೇನಿಯಂನ ಅಂಶ ಬಹಳ ಕಡಿಮೆ. ಆದವಾನಿ, ರಾಯದುರ್ಗಗಳ ಗುಡ್ಡಗಳ ಗ್ರಾನೈಟ್ ಜಾತಿಯ ಶಿಲೆಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಪತ್ತೆಯಾದ ಸುದ್ದಿ ಬಂದಾಗ ಮನೆಯ ಶಹಾಬಾದ್ ಫರಸಿಯ ಮೇಲೆ ಸಂಶಯಪಟ್ಟವರಿರಬಹುದು. ಸುಣ್ಣಕಲ್ಲಿನಲ್ಲಿ ಸಹಜವಾಗಿ ಯುರೇನಿಯಂ ಅಲ್ಪವೇ. ಗೋಗಿಯ ನಿಕ್ಷೇಪ ಭೂಸ್ತರ ಬಿರುಕುಬಿಟ್ಟು ಜಾರಿದ ಒಂದು ಪಟ್ಟಿಯ ಉದ್ದಕ್ಕೂ ಸಂಗ್ರಹವಾದದ್ದು, ಭೀಮಾತೀರದ ಕಲ್ಲೆಲ್ಲದರ ಗುಣವಲ್ಲ. ಅಲ್ಲದೆ ಹಗಲೆಲ್ಲ ಬಾಗಿಲು ತೆರೆದಿರುವ, ನಡುವೆ ಅಂಗಳವಿರುವ ಮನೆಯಲ್ಲಿ ಅನಿಲ ನಿಲ್ಲುವುದೇ ಕಷ್ಟ. ಕಿಟಕಿಗಳನ್ನು ಬಿಗಿದು ಹವಾನಿಯಂತ್ರಕ ಹಾಕಿಕೊಂಡ ಹೊಸ ಮನೆಗಳಿಗೆ ಈ ಅಭಯ ಅಷ್ಟಾಗಿ ಅನ್ವಯಿಸದು.

ಚಳಿನಾಡಿನ ಮನೆಯ ಸ್ಥಿತಿ ಬೇರೆ. ಯಾಖಿಮೋವ್‌ನಲ್ಲಿ ವರ್ಷದ ಬಹುಭಾಗ ಕಿಟಕಿಗಳು ಮುಚ್ಚಿರುತ್ತವೆ, ಒಳಗೆ ಒಲೆ ಉರಿಯುತ್ತಿರುತ್ತದೆ. ಕಾದ ಗಾಳಿ ಮೇಲೇರಿ ಮಾಳಿಗೆಯ ಸಂದುಗಳಿಂದ ಹೊರಹೋಗುತ್ತದೆ. ಅದರ ಜಾಗ ತುಂಬಲು ಕೆಳಗಿನಿಂದ ಗಾಳಿ ಬರಲೇಬೇಕು. ಹೀಗೆ ಇಡೀ ಮನೆ ಒಂದು ಹೊಗೆಗೂಡಿನಂತೆ ವರ್ತಿಸಿ ಅಡಿಪಾಯದ ಬಿರುಕು, ಕೊಳವೆಯ ಸಂದು, ನೆಲಮಾಳಿಗೆಯ ಮಣ್ಣುನೆಲಗಳಿಂದ ಭೂಮಿಯೊಳಗಿನ ಗಾಳಿಯನ್ನು ಹೀರುತ್ತದೆ. ಒಳಹೊರಗಿನ ಒತ್ತಡದ ವ್ಯತ್ಯಾಸ ಅತ್ಯಲ್ಪ, ಆದರೆ ಹೀರುವಿಕೆ ನಿರಂತರ.

ಯಾಖಿಮೋವ್‌ಗೆ ಇದರ ಜೊತೆಗೆ ಇನ್ನೆರಡು ವಿಶೇಷಗಳಿದ್ದವು. ಐದು ಶತಮಾನಗಳ ಅಗೆತದಿಂದ ಊರಿನ ಕೆಳಗೆ ಸುರಂಗಗಳ ಜಾಲವೇ ಇತ್ತು, ಕೆಲವು ಮನೆಗಳ ಅಡಿಯಲ್ಲಿಯೇ ಹಳೆಯ ಗಣಿಯ ಬಾಯಿಗಳಿದ್ದವು. ಎರಡನೆಯದು ಇನ್ನೂ ವಿಷಾದಕರ. ಬಣ್ಣದ ಕಾರ್ಖಾನೆಯ, ಗಣಿಯ ತ್ಯಾಜ್ಯ ನೋಡಲು ಒಳ್ಳೆಯ ಮರಳಿನಂತಿತ್ತು. ಪುಕ್ಕಟೆಯಾಗಿ ಸಿಗುತ್ತಿತ್ತು. ಬಡ ಗಣಿಯೂರಿನಲ್ಲಿ ಪುಕ್ಕಟೆ ಮರಳನ್ನು ಯಾರು ಬಿಟ್ಟಾರು? ಅದನ್ನು ಗಾರೆಗೆ ಕಲಸಿ ಗೋಡೆಗೆ ಗಿಲಾಯಿ ಮಾಡಿದರು, ನೆಲಕ್ಕೆ ತುಂಬಿದರು. ಮಾರಿ ಕ್ಯೂರಿ ರೇಡಿಯಂ ತೆಗೆದ ಅದೇ ಜಾತಿಯ ಕಸ ಗೋಡೆಯಾಗಿ ನಿಂತಿತು. ಅಮೆರಿಕದ ಕೊಲೊರಾಡೊ ರಾಜ್ಯದ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿನಲ್ಲಿಯೂ ಇಪ್ಪತ್ತನೆಯ ಶತಮಾನದ ನಡುವೆ ಯುರೇನಿಯಂ ಗಿರಣಿಯ ಮರಳು ಸಾವಿರಾರು ಕಟ್ಟಡಗಳ ಅಡಿಪಾಯಕ್ಕೆ ಸೇರಿತ್ತು. ಎರಡೂ ಕಡೆ ದುರುದ್ದೇಶವಿರಲಿಲ್ಲ, ಮಿತವ್ಯಯದ ಬುದ್ಧಿಯಿತ್ತು.

ಗಡಿನಾಡಿನ ಓದುಗರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಯಾಖಿಮೋವ್ ಶತಮಾನಗಳ ಕಾಲ ಜರ್ಮನ್ ಮಾತಾಡುವ ಊರಾಗಿತ್ತು. ಎರಡನೆಯ ಮಹಾಯುದ್ಧದ ನಂತರ, 1945-46ರಲ್ಲಿ, ಜರ್ಮನರನ್ನು ಹೊರಹಾಕಲಾಯಿತು. ಮನೆಗಳಿಗೆ ಹೊಸಬರು ಬಂದರು. ಸುತ್ತಲೂ ಯುರೇನಿಯಂಗಾಗಿ ಬಂದೀಶಿಬಿರಗಳು ಎದ್ದವು, ರಾಜಕೀಯ ಕೈದಿಗಳನ್ನು ಗಣಿಗಿಳಿಸಲಾಯಿತು. ಯಾವ ಓಣಿಯ ಯಾವ ಮನೆಗೆ ಎಲ್ಲಿಯ ಮರಳು ಬಿದ್ದಿತ್ತು, ಯಾವ ಅಂಗಳದ ಕೆಳಗೆ ಯಾರಜ್ಜ ತೋಡಿದ ಸುರಂಗವಿದೆ ಎಂಬ ಬಾಯಿಮಾತಿನ ತಿಳಿವಳಿಕೆ ಭಾಷೆಯೊಡನೆ ಊರುಬಿಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಮನೆಯ ಪೂರ್ವಕಥೆಯನ್ನು ಹೇಳುವವರಿಲ್ಲದಾಗ ಮನೆಯನ್ನೇ ಕೇಳಬೇಕಾಗುತ್ತದೆ. ಪರೀಕ್ಷೆ ಎಂದರೆ ಹಾಗೆ ಕೇಳುವ ಒಂದು ವಿಧಾನ.

ಕೇಳುವುದು ಹೇಗೆ? ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ಮುಚ್ಚಿದ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವ ರೂಢಿಯಿದೆ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆಯೆಂದು ಅರ್ಥ. ರೇಡಾನಿಗೆ ದೀಪ ಆರುವುದಿಲ್ಲ. ಅದಕ್ಕೆ ಬಣ್ಣ, ವಾಸನೆ, ರುಚಿಗಳಿಲ್ಲ. ತಲೆ ಸುತ್ತುವುದಿಲ್ಲ, ಕಣ್ಣು ಉರಿಯುವುದಿಲ್ಲ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ತಾನು ದುಡಿಯುತ್ತಿದ್ದ ಅಣುಸ್ಥಾವರದ ವಿಕಿರಣ ಎಚ್ಚರಿಕೆಯ ಗಂಟೆಯನ್ನು ದಿನಾ ಬಾರಿಸುತ್ತಿದ್ದ, ಅದೂ ಒಳಗೆ ಬರುವಾಗ. ಸ್ಥಾವರ ಇನ್ನೂ ಚಾಲನೆಗೇ ಬಂದಿರಲಿಲ್ಲ. ಹುಡುಕಿದರೆ ಮೂಲ ಅವನ ಮನೆಯ ಗಾಳಿ: ಒಂದು ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್. ಅಲ್ಲಿ ಗಣಿಯೇ ಇರಲಿಲ್ಲ, ನೆಲವಷ್ಟೇ ಹಾಗಿತ್ತು. ಅದುವರೆಗೆ ಆ ಮನೆಯವರು ಏನನ್ನೂ ಗಮನಿಸಿರಲಿಲ್ಲ.

ಮನೆಯ ಪರೀಕ್ಷೆಗೆ ಬಳಸುವ ಸಾಧನ ಅಷ್ಟೇನೂ ಗಂಭೀರವಾಗಿ ಕಾಣುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಉಗುರಿನಷ್ಟು ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆ. ಕನ್ನಡಕದ ಮಸೂರಕ್ಕೆ ಬಳಸುವ ಜಾತಿಯದೇ ಪ್ಲಾಸ್ಟಿಕ್ ಇದು. ಗಾಳಿ ಡಬ್ಬಿಯೊಳಗೆ ನಿಧಾನವಾಗಿ ನುಸುಳುತ್ತದೆ, ಧೂಳು ನುಸುಳುವುದಿಲ್ಲ. ಒಳಗೆ ರೇಡಾನ್ ಒಡೆದಾಗ ಸಿಡಿದ ಆಲ್ಫಾ ಕಣ ಬಿಲ್ಲೆಯ ಮೇಲೆ ಕಣ್ಣಿಗೆ ಕಾಣದ ಗಾಯ ಮಾಡುತ್ತದೆ. ಪ್ರಯೋಗಾಲಯದಲ್ಲಿ ಬಿಲ್ಲೆಯನ್ನು ಕಾಸ್ಟಿಕ್ ಸೋಡಾದ ಬಿಸಿದ್ರಾವಣದಲ್ಲಿ ಅದ್ದಿದರೆ ಆ ಗಾಯಗಳು ಅಗಲವಾಗಿ ಸೂಕ್ಷ್ಮದರ್ಶಕದಲ್ಲಿ ಗುಳಿಗಳಂತೆ ಕಾಣುತ್ತವೆ. ಗುಳಿಗಳನ್ನು ಎಣಿಸಿ, ಇಟ್ಟ ದಿನಗಳಿಂದ ಭಾಗಿಸಿ, ಸರಾಸರಿ ಮಟ್ಟವನ್ನು ಲೆಕ್ಕಹಾಕುತ್ತಾರೆ. ಭಾರತದ ಸಂಶೋಧಕರು ಇದೇ ತತ್ತ್ವದ ಮೇಲೆ ಎಲ್‌ಆರ್-115 ಎಂಬ ಕೆಂಬಣ್ಣದ ಫಿಲ್ಮನ್ನು ವ್ಯಾಪಕವಾಗಿ ಬಳಸಿದ್ದಾರೆ.

ಡಬ್ಬಿಯನ್ನು ಎಲ್ಲಿಡಬೇಕು, ಎಷ್ಟು ಕಾಲ ಇಡಬೇಕು ಎಂಬುದರಲ್ಲಿಯೇ ಪರೀಕ್ಷೆಯ ಸತ್ವವಿದೆ. ಜನ ಹೆಚ್ಚು ಹೊತ್ತು ಕಳೆಯುವ ಕೆಳ ಅಂತಸ್ತಿನ ಕೋಣೆ, ಬಹುಮಟ್ಟಿಗೆ ಮಲಗುವ ಕೋಣೆ, ಅದಕ್ಕೆ ತಕ್ಕ ಸ್ಥಳ. ಅಡುಗೆಮನೆ, ಬಚ್ಚಲುಮನೆಗಳು ಬೇಡ. ಕಿಟಕಿಯ ಬಳಿ, ಒಲೆಯ ಬಳಿ ಬೇಡ. ಕಪಾಟಿನೊಳಗಂತೂ ಬೇಡವೇ ಬೇಡ. ಕಾಲಾವಧಿ ಕನಿಷ್ಠ ಮೂರು ತಿಂಗಳು, ಒಂದು ವರ್ಷವಾದರೆ ಉತ್ತಮ. ರೇಡಾನ್ ರಾತ್ರಿ ಏರಿ ಹಗಲು ಇಳಿಯುತ್ತದೆ, ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಇದ್ದಿಲು ತುಂಬಿದ ಡಬ್ಬಿಯಿಂದ ಎರಡು ದಿನಗಳಿಂದ ಒಂದು ವಾರದೊಳಗೆ ಮುಗಿಯುವ ಪರೀಕ್ಷೆಗಳೂ ಇವೆ. ಅವು ಮೊದಲ ಸೂಚನೆಗೆ ಸಾಕು, ತೀರ್ಪಿಗೆ ಸಾಲವು. ಪಕ್ಕದ ಮನೆಯ ಅಂಕಿಯನ್ನು ತನ್ನದೆಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದರದು ನೂರಿದ್ದು ಇನ್ನೊಂದರದು ಸಾವಿರವಿರಬಹುದು. ಬಿರುಕು ಎಲ್ಲಿದೆ, ಗಾರೆಗೆ ಯಾವ ಮರಳು ಹೋಗಿದೆ ಎಂಬುದು ಓಣಿಯ ಗುಣವಲ್ಲ, ಮನೆಯ ಗುಣ.

ಡಬ್ಬಿಯ ಎದುರು ಮನುಷ್ಯಸ್ವಭಾವವೂ ನಿಲ್ಲುತ್ತದೆ. ಪರೀಕ್ಷೆಯ ದಿನಗಳಲ್ಲಿ ಮಾತ್ರ ಕಿಟಕಿ ತೆರೆದಿಡುವವರಿದ್ದಾರೆ. ಅಂಕಿ ಹೊರಬಿದ್ದರೆ ಮನೆಯ ಬೆಲೆ ಬಿದ್ದೀತೆಂದು ಡಬ್ಬಿಯನ್ನೇ ಬೇಡವೆನ್ನುವವರಿದ್ದಾರೆ. ಗಣಿಯಿಂದಲೇ ಅನ್ನ ಕಂಡ ಊರಿನಲ್ಲಿ ಗಣಿಯ ಮೇಲೆ ದೂರು ಹೊರಿಸುವ ಅಂಕಿ ಯಾರಿಗೂ ಪ್ರಿಯವಾಗದು. ಇದನ್ನು ಅಜ್ಞಾನವೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಒಂದೇ ಮನೆಯಲ್ಲಿ ಜೀವಮಾನದ ಉಳಿತಾಯವೆಲ್ಲ ಇರುವವನಿಗೆ ಆ ಭಯ ಸಹಜ.

ಬಂದ ಅಂಕಿಯನ್ನು ಓದುವುದು ಹೇಗೆ? ಒಂದು ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯ ಗಾಳಿ ಸುಮಾರು 34 ಘನಮೀಟರ್. ಘನಮೀಟರಿಗೆ 300 ಬೆಕೆರೆಲ್ ಇದ್ದರೆ ಆ ಕೋಣೆಯಲ್ಲಿ ಪ್ರತಿ ಸೆಕೆಂಡಿಗೆ ಹತ್ತು ಸಾವಿರಕ್ಕೂ ಹೆಚ್ಚು ರೇಡಾನ್ ಪರಮಾಣುಗಳು ಒಡೆಯುತ್ತಿರುತ್ತವೆ. ಕೇಳಲು ಭಯಂಕರ, ಆದರೆ ಈ ಎಣಿಕೆಯಿಂದ ಅಪಾಯದ ಪ್ರಮಾಣ ತಿಳಿಯುವುದಿಲ್ಲ. ಜಗತ್ತಿನ ಮನೆಗಳ ಸರಾಸರಿಯೇ ಸುಮಾರು 40, ಝೆಕ್ ನಾಡಿನದು ನೂರಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ 100ರ ಮಟ್ಟವನ್ನು ಸೂಚಿಸಿ, ಅದು ಅಸಾಧ್ಯವಾದ ಕಡೆ 300ನ್ನು ಮೀರಬಾರದೆಂದಿತು. ಯುರೋಪಿನ ಒಕ್ಕೂಟದ 2013ರ ನಿರ್ದೇಶನವೂ 300ನ್ನೇ ಮೇಲ್ಮಿತಿಯಾಗಿ ಇಟ್ಟಿದೆ. ಯಾಖಿಮೋವ್‌ನ ಕೆಟ್ಟ ಮನೆಗಳಲ್ಲಿ ಅಂಕಿ ಸಾವಿರಗಳಲ್ಲಿತ್ತು.

ಅಪಾಯದ ಪ್ರಮಾಣವನ್ನು ಮೊದಲು ಕಲಿಸಿದ್ದು ಗಣಿಗಾರರ ಶರೀರಗಳು. 1950ರ ದಶಕದಲ್ಲಿ ಯುರೇನಿಯಂ ಗಣಿಗಳಲ್ಲಿ ದುಡಿದ ಝೆಕ್ ಕಾರ್ಮಿಕರನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನ ಜಗತ್ತಿನ ಮುಖ್ಯ ಆಧಾರಗಳಲ್ಲೊಂದು. ಗಣಿಯ ಲೆಕ್ಕ ಮನೆಗೆ ಹೊಂದೀತೇ ಎಂಬ ಸಂದೇಹವನ್ನು 2005ರಲ್ಲಿ ಪ್ರಕಟವಾದ, ಯುರೋಪಿನ 13 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ನಿವಾರಿಸಿತು. ಪ್ರತಿ 100 ಬೆಕೆರೆಲ್ ಏರಿಕೆಗೆ ಶ್ವಾಸಕೋಶದ ಕ್ಯಾನ್ಸರಿನ ಸಾಧ್ಯತೆ ಸುಮಾರು ಶೇಕಡಾ 16ರಷ್ಟು ಏರುತ್ತದೆ. ಆದರೆ ಯಾವುದರ ಶೇಕಡಾ 16? ಎಂದೂ ಧೂಮಪಾನ ಮಾಡದ ಸಾವಿರ ಜನರಲ್ಲಿ 75ನೆಯ ವಯಸ್ಸಿನೊಳಗೆ ಈ ಕ್ಯಾನ್ಸರಿಗೆ ತುತ್ತಾಗುವವರು, ರೇಡಾನ್ ಇಲ್ಲವೆಂದುಕೊಂಡರೆ 4 ಜನ, 100 ಬೆಕೆರೆಲ್ ಇದ್ದರೆ 5, 400 ಇದ್ದರೆ 7. ಸಿಗರೇಟು ಸೇದುವ ಸಾವಿರ ಜನರಲ್ಲಿ ಇದೇ ಅಂಕಿಗಳು 100, 120, 160. ಬೀಡಿ ಕಟ್ಟುವ ಕೈಗಳ ಊರಾದ ಸೊಲ್ಲಾಪುರದ ಓದುಗರು ಈ ಎರಡನೆಯ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು. ಏರಿಕೆಯ ದರ ಒಂದೇ, ಸಾಯುವವರ ಸಂಖ್ಯೆ ಮಾತ್ರ ಒಂದೇ ಅಲ್ಲ.

ವಿಚಿತ್ರವೆಂದರೆ ಯಾಖಿಮೋವ್ ಇಂದು ಬದುಕುತ್ತಿರುವುದೂ ರೇಡಾನಿನಿಂದಲೇ. 1906ರಲ್ಲಿ ಇಲ್ಲಿ ರೇಡಾನ್ ನೀರಿನ ಚಿಕಿತ್ಸಾಲಯ ಆರಂಭವಾಯಿತು. ಯುರೇನಿಯಂ ಗಣಿಗಾರಿಕೆ 1960ರ ದಶಕದಲ್ಲಿ ನಿಂತಿತಾದರೂ ಸ್ವೋರ್ನೋಸ್ತ್ ಎಂಬ ಹಳೆಯ ಗಣಿಯ ಆಳದಿಂದ ಆ ನೀರು ಇಂದಿಗೂ ಮೇಲೆ ಬರುತ್ತದೆ. ಕೀಲುನೋವಿನವರು ಅದರಲ್ಲಿ ಮೀಯಲು ಬರುತ್ತಾರೆ. ಒಂದೇ ಅನಿಲ ಒಂದು ಕಟ್ಟಡದಲ್ಲಿ ಮದ್ದಾಗಿ, ಇನ್ನೊಂದರಲ್ಲಿ ವಿಷವಾಗಿ ಎಣಿಕೆಯಾಗುವುದನ್ನು ಕಂಡು ನಗುವವರಿದ್ದಾರೆ. ಚಿಕಿತ್ಸೆಯ ಗುಣದ ಬಗೆಗೆ ವೈದ್ಯರಲ್ಲಿಯೇ ಒಮ್ಮತವಿಲ್ಲವೆಂಬುದು ನಿಜ. ಆದರೆ ಮೀಯುವವನು ತೊಟ್ಟಿಯಲ್ಲಿ ಕೂರುವುದು ಇಪ್ಪತ್ತು ನಿಮಿಷ, ಕೆಲವು ವಾರ. ಮನೆಯಲ್ಲಿ ಮಲಗುವವನು ಮೂವತ್ತು ವರ್ಷ ಮಲಗುತ್ತಾನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪರಿಹಾರ ಮಾತ್ರ ಸಮಸ್ಯೆಗಿಂತ ಸರಳ. ಯುರೇನಿಯಂ ಮರಳಿನ ಗಿಲಾಯಿಯನ್ನು ಕೆರೆದು ತೆಗೆಯಬೇಕು, ಅದು ದುಬಾರಿ. ನೆಲದಿಂದ ಬರುವ ಅನಿಲಕ್ಕೆ ಬಿರುಕು ಮುಚ್ಚುವುದೊಂದೇ ಸಾಲದು, ಏಕೆಂದರೆ ಮನೆ ಹೀರುವುದನ್ನು ಬಿಡುವುದಿಲ್ಲ. ಆದ್ದರಿಂದ ಮನೆಗಿಂತ ಬಲವಾಗಿ ಹೀರುವ ಇನ್ನೊಂದನ್ನು ಕೆಳಗಿಡುತ್ತಾರೆ. ನೆಲದ ಹಾಸಿನಡಿಗೆ ಒಂದು ಕೊಳವೆ ಇಳಿಸಿ, ಸೂರಿನ ಮೇಲಕ್ಕೆ ಒಯ್ದು, ಸಣ್ಣದೊಂದು ಫ್ಯಾನ್ ಕೂರಿಸಿದರೆ ಅಡಿಪಾಯದ ಗಾಳಿ ಕೋಣೆಗೆ ಬರುವ ಮುನ್ನವೇ ಆಕಾಶಕ್ಕೆ ಹೋಗುತ್ತದೆ. ಝೆಕ್ ಸರ್ಕಾರ 1990ರ ದಶಕದ ಆರಂಭದಿಂದ ಮನೆಗಳ ಮಾಪನಕ್ಕೂ, ಮಿತಿಮೀರಿದ ಮನೆಗಳ ದುರಸ್ತಿಗೆ ಧನಸಹಾಯಕ್ಕೂ ವ್ಯವಸ್ಥೆ ಮಾಡಿದೆ. ಹೊಸ ಮನೆ ಕಟ್ಟುವವರು ಮೊದಲು ನಿವೇಶನದ ಮಣ್ಣಿನ ಗಾಳಿಯನ್ನು ಅಳೆಸಬೇಕು. ದುರಸ್ತಿಯಾದ ಮನೆಯಲ್ಲಿ ಫ್ಯಾನ್ ತಿರುಗಲಾರಂಭಿಸಿದ ಮೇಲೆ ಅದೇ ಮಲಗುವ ಕೋಣೆಯ ಅದೇ ಗೂಡಿನಲ್ಲಿ ಇನ್ನೊಂದು ಡಬ್ಬಿಯನ್ನು ಇಟ್ಟು ಮತ್ತೆ ಅಳೆಯುತ್ತಾರೆ. ಫ್ಯಾನಿನ ಮೋಟಾರು ಕೆಲವು ವರ್ಷಗಳಲ್ಲಿ ಸವೆಯುವ ವಸ್ತುವಾದ್ದರಿಂದ ಆ ಅಳತೆಯನ್ನು ಆಗಾಗ ಪುನರಾವರ್ತಿಸಬೇಕಾಗುತ್ತದೆ.